ಗಸ್ತಿನ ಕಾರು ಮತ್ತು ನಾವು

ಪೋಲೀಸು ಗಸ್ತಿನ ಕಾರು ಹೆಚ್ಚು ಸುತ್ತಿದಷ್ಟೂ ಕಳ್ಳತನ ಕಡಮೆಯಾಗುವುದೆಂದು ನಾವೆಲ್ಲ ನಂಬಿದ್ದೇವೆ. ಅಮೆರಿಕದ ಕ್ಯಾನ್ಸಸ್ ಸಿಟಿಯ ಪೋಲೀಸರು 1972–73ರಲ್ಲಿ ಇದನ್ನು ಪರೀಕ್ಷಿಸಿ ನೋಡಿದರು. 15 ಗಸ್ತು ವಿಭಾಗಗಳ ಪೈಕಿ 5ರಲ್ಲಿ ಎಂದಿನಂತೆ ಕಾರು ಓಡಿಸಿದರು. 5ರಲ್ಲಿ ಎರಡು ಮೂರು ಪಟ್ಟು ಹೆಚ್ಚಿಸಿದರು. ಉಳಿದ 5ರಲ್ಲಿ ಸುತ್ತುವುದನ್ನು ಬಿಟ್ಟು, ಕರೆ ಬಂದಾಗ ಮಾತ್ರ ಹೋದರು. ವರ್ಷದ ಕೊನೆಗೆ ಕಳ್ಳತನದಲ್ಲಾಗಲಿ, ಜನರ ಭಯದಲ್ಲಾಗಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ.

ಆದುದರಿಂದ ಕಾರು ಸುತ್ತಿದರಷ್ಟೇ ಸಾಲದು. ಎಲ್ಲಿಗೆ ಬರಬೇಕೆಂದು ಯಾರಾದರೂ ತಿಳಿಸಬೇಕು. ರಾತ್ರಿ ಪಾಳಿ ಮುಗಿಸಿ ಬರುವ ನಾವು, ಮರಾಠಿ ಚೆನ್ನಾಗಿ ಬಾರದೆಂದು ಅಂಜಿ ಸುಮ್ಮನಿರಬಾರದು. ಆಪತ್ತು ಕಂಡೊಡನೆ 112ಕ್ಕೆ ಫೋನು ಮಾಡಿ, ಮೊದಲು ಸ್ಥಳ ಹೇಳೋಣ: ರಸ್ತೆ, ಚಾಳಿನ ಹೆಸರು, ಹತ್ತಿರದ ಗುರುತು. ನಡೆದ ಸಂಗತಿ ಆಮೇಲೆ. ಸ್ಥಳವೇ ತಿಳಿಯದಿದ್ದರೆ ಕಂಟ್ರೋಲ್ ರೂಮಿನವರು ಕಾರನ್ನು ಎಲ್ಲಿಗೆ ಕಳುಹಿಸಿಯಾರು?