ಪುಣೆಯಲ್ಲಿರುವ ತಮ್ಮನಿಗೆ, ಸೊಲ್ಲಾಪುರದಿಂದ



ಅಕ್ಕಲಕೋಟೆ ತಾಲ್ಲೂಕಿನ ಕನ್ನಡ ಶಾಲೆಯಲ್ಲಿ ಓದಿ, ಸೊಲ್ಲಾಪುರದಲ್ಲಿ ಎಂಜಿನಿಯರಿಂಗ್ ಮುಗಿಸಿ, ನಸುಕಿನ ಹುತಾತ್ಮಾ ಎಕ್ಸ್‌ಪ್ರೆಸ್ ಹತ್ತಿ ಪುಣೆಗೆ ಹೋದ ಹುಡುಗ ಹುಡುಗಿಯರು ಈ ಭಾಗದಲ್ಲಿ ಬಹಳ ಮಂದಿ. ನೀನೂ ಅವರಲ್ಲೊಬ್ಬ. ತಿಂಗಳಿಗೆ ಸರಿಯಾಗಿ ಪಗಾರ ಬರುತ್ತದೆ, ಕೆಲಸದಲ್ಲಿ ಮಾತ್ರ ಜೀವವಿಲ್ಲ. ಬಿಡೋಣವೆಂದರೆ ಮನೆಸಾಲದ ಕಂತು, ಇರೋಣವೆಂದರೆ ಯಾವತ್ತು ತೆಗೆಯುತ್ತಾರೋ ಎಂಬ ಭಯ. ಭಯಕ್ಕೆ ಕಾರಣವಿದೆ. 2025ರ ಜುಲೈನಲ್ಲಿ ದೇಶದ ಅತಿ ದೊಡ್ಡ ಐಟಿ ಕಂಪನಿ ಟಿಸಿಎಸ್ ತನ್ನ ನೌಕರರಲ್ಲಿ ಶೇ. 2ರಷ್ಟು, ಅಂದರೆ ಸುಮಾರು 12,000 ಮಂದಿಯನ್ನು ಕಡಿಮೆ ಮಾಡುವುದಾಗಿ ಹೇಳಿತು. ಅದಕ್ಕೂ ಮುಂಚೆಯೇ, ವರ್ಷದಲ್ಲಿ 35 ದಿನಕ್ಕಿಂತ ಹೆಚ್ಚು ಪ್ರಾಜೆಕ್ಟ್ ಇಲ್ಲದೆ ‘ಬೆಂಚಿನ ಮೇಲೆ’ ಕೂರುವಂತಿಲ್ಲ ಎಂಬ ನಿಯಮ ಅಲ್ಲಿ ಬಂದಿತ್ತು. ಹಾಗಾಗಿ ಏನೂ ಆಗುವುದಿಲ್ಲ ಎಂದು ಸಮಾಧಾನ ಹೇಳಲು ಈ ಪತ್ರವಲ್ಲ. ಆಗಬಹುದು. ನಮ್ಮ ಸೊಲ್ಲಾಪುರದಲ್ಲೇ ಒಮ್ಮೆ ಆಗಿದೆ.

ಸೊಲ್ಲಾಪುರದವರು ಜುನೀ ಮಿಲ್ ಎನ್ನುವ ಸೊಲ್ಲಾಪುರ ಸ್ಪಿನ್ನಿಂಗ್ ಅಂಡ್ ವೀವಿಂಗ್ ಗಿರಣಿ ಶುರುವಾದದ್ದು 1877ರಲ್ಲಿ. ಆಮೇಲೆ ಲಕ್ಷ್ಮೀ, ನರಸಿಂಗಗಿರ್ಜಿ, ವಿಷ್ಣು ಗಿರಣಿಗಳು ಬಂದವು. ಕನ್ನಡ, ತೆಲುಗು, ಮರಾಠಿ, ದಖನಿ ಮಾತಾಡುವ ಸಾವಿರಾರು ಮನೆಗಳಲ್ಲಿ ಒಲೆ ಹೊತ್ತುವುದು, ಬುತ್ತಿ ಕಟ್ಟುವುದು, ಮಕ್ಕಳನ್ನು ಎಬ್ಬಿಸುವುದು ಎಲ್ಲ ಗಿರಣಿಯ ಭೋಂಗಾ (ಸೈರನ್) ಕೇಳಿಯೇ. ಇದು ನಿಲ್ಲಬಹುದೆಂದು ಯಾರು ಅಂದುಕೊಂಡಾರು?

1949ರ ಜುಲೈ 27ರಂದು ಜುನೀ ಮಿಲ್ ಕಾರ್ಮಿಕರಿಗೆ ನೋಟಿಸ್ ಬಂತು. ಆಗಸ್ಟ್ 27ಕ್ಕೆ ಬಾಗಿಲು ಹಾಕಿತು. ಆಡಳಿತದ ಅವ್ಯವಸ್ಥೆ ಎಷ್ಟಿತ್ತೆಂದರೆ 1950ರ ಜನವರಿಯಲ್ಲಿ ಕೇಂದ್ರ ಸರ್ಕಾರ ಈ ಒಂದೇ ಗಿರಣಿಗಾಗಿ ಸುಗ್ರೀವಾಜ್ಞೆ ಹೊರಡಿಸಿ ಅದರ ಆಡಳಿತವನ್ನು ಕೈಗೆ ತೆಗೆದುಕೊಂಡಿತು. ಒಂದು ವರ್ಗದ ಜನರಲ್ಲಿ ಉಂಟಾದ ನಿರುದ್ಯೋಗವೂ ಇದಕ್ಕೆ ಕಾರಣವೆಂದು ಸುಗ್ರೀವಾಜ್ಞೆಯಲ್ಲೇ ಬರೆಯಿತು. ಅದನ್ನು ಪ್ರಶ್ನಿಸಿ ಚರಂಜಿತ್ ಲಾಲ್ ಚೌಧುರಿ ಎಂಬ ಷೇರುದಾರರು ಸುಪ್ರೀಂ ಕೋರ್ಟಿಗೆ ಹೋಗಿ 1950ರಲ್ಲಿ ಸೋತರು. ದ್ವಾರಕಾದಾಸ್ ಶ್ರೀನಿವಾಸ್ ಎಂಬ ಇನ್ನೊಬ್ಬ ಷೇರುದಾರರು 1953ರಲ್ಲಿ ಗೆದ್ದರು. ಕಾನೂನು ಓದುವ ಮಕ್ಕಳು ಇವತ್ತಿಗೂ ಈ ಎರಡು ತೀರ್ಪುಗಳನ್ನು ಓದುತ್ತಾರೆ. ಎರಡರಲ್ಲೂ ವಾದ ನಡೆದದ್ದು ಷೇರುದಾರರ ಹಕ್ಕುಗಳ ಮೇಲೆ. ಇಪ್ಪತ್ತು ಮೂವತ್ತು ವರ್ಷ ನೂಲು ಜೋಡಿಸಿದವರ ಹಕ್ಕಿನ ಪ್ರಶ್ನೆ ಅಲ್ಲಿ ಏಳಲೇ ಇಲ್ಲ. 1960ರ ದಶಕದಲ್ಲಿ ಆ ಗಿರಣಿ ಕಾಯಂ ಆಗಿ ಮುಚ್ಚಿತು. ಮುಂದೆ ಉಳಿದವೂ ಒಂದೊಂದಾಗಿ ಅದೇ ದಾರಿ ಹಿಡಿದವು.

ಕಂಪನಿಯನ್ನು ‘ಕುಟುಂಬ’ ಎಂದು ಕರೆಯುವ ಮೇಲ್ ನಿನಗೆ ಬಂದಾಗಲೆಲ್ಲ ಈ ಸಂಗತಿ ನೆನಪಿರಲಿ. ಗಿರಣಿ ನಿಂತಿತು, ಆದರೆ ಊರಿನ ನೇಯ್ಗೆ ನಿಲ್ಲಲಿಲ್ಲ. ಗಲ್ಲಿ ಗಲ್ಲಿಗಳಲ್ಲಿ ವಿದ್ಯುತ್ ಮಗ್ಗಗಳು ತಿರುಗಿದವು, ಜಕಾರ್ಡ್ ಮಗ್ಗದ ಚಾದರ ಮತ್ತು ಟೆರ್ರಿ ಟವೆಲ್ ಸೊಲ್ಲಾಪುರದ ಹೆಸರಿನಲ್ಲೇ ಭೌಗೋಳಿಕ ಸೂಚಕ (ಜಿಐ) ಮಾನ್ಯತೆ ಪಡೆದವು. ಮಾಲೀಕ ಬೀಗ ಹಾಕಬಹುದಾದದ್ದು ಗಿರಣಿಗೆ ಮಾತ್ರ. ಕಸುಬು ಕಲಿತವರ ಕೈಯಲ್ಲೇ ಉಳಿಯಿತು.

ಎಲ್ಲರಿಗೂ ಹಾಗೆ ದಾರಿ ಸಿಗಲಿಲ್ಲ ಎಂಬುದೂ ನಿಜ. ಎಷ್ಟೋ ಮನೆಗಳನ್ನು ಎತ್ತಿ ಹಿಡಿದವರು ಬೀಡಿ ಕಟ್ಟುವ ಹೆಂಗಸರು. ನೆನೆಸಿದ ಎಲೆಯನ್ನು ಅಳತೆಗೆ ಕತ್ತರಿಸಿ, ತಂಬಾಕು ತುಂಬಿ, ಬೆರಳಲ್ಲೇ ಸುರುಳಿ ಮಾಡಿ, ತುದಿ ಮಡಚಿ, ದಾರ ಸುತ್ತಬೇಕು. ಸಾವಿರ ಆದರೆ ಇಷ್ಟು ಎಂದು ಕೂಲಿ, ಸರಿ ಕಾಣದ್ದನ್ನು ಲೆಕ್ಕಕ್ಕೇ ಹಿಡಿಯುವುದಿಲ್ಲ. ಕೆಮ್ಮು, ಸೊಂಟನೋವಿನ ಈ ಕೆಲಸವನ್ನು ಯಾರೂ ಇಷ್ಟಪಟ್ಟು ಮಾಡಿದ್ದಲ್ಲ. ಆದರೆ ಅವರು ಒಬ್ಬೊಬ್ಬರೇ ಕೂತು ಕೊರಗಲಿಲ್ಲ, ಸಂಘ ಕಟ್ಟಿದರು. ಕಾರ್ಮಿಕ ಮುಖಂಡ ನರಸಯ್ಯ ಆಡಂ ಅವರ ಮುಂದಾಳತ್ವದಲ್ಲಿ ವರ್ಷಗಟ್ಟಲೆ ಹೋರಾಡಿ ಸೊಲ್ಲಾಪುರದ ಹತ್ತಿರದ ಕುಂಭಾರಿಯಲ್ಲಿ 10,000 ಮನೆಗಳ ಗೋದೂತಾಯಿ ಪರುಳೇಕರ್ ವಸಾಹತು ಕಟ್ಟಿಸಿಕೊಂಡರು. ಆಮೇಲೆ ಅಸಂಘಟಿತ ಕಾರ್ಮಿಕರಿಗಾಗಿ ರೇ ನಗರ ಎದ್ದಿತು, 2024ರ ಜನವರಿ 19ರಂದು ಅಲ್ಲಿನ 15,000 ಮನೆಗಳು ಲೋಕಾರ್ಪಣೆಯಾದವು. ತಿಂಗಳ ಪಗಾರವೇ ಇಲ್ಲದವರು ಮಾಡಿದ ಕೆಲಸ ಇದು. ನೀವು, ಲ್ಯಾಪ್‌ಟಾಪ್ ಹಿಡಿದವರು, ಪಕ್ಕದ ಮೇಜಿನವನನ್ನು ತೆಗೆದಾಗ ತಲೆ ತಗ್ಗಿಸಿ ಕೂರುತ್ತೀರಿ. ಪುಣೆಯಲ್ಲಿ ಐಟಿ ನೌಕರರ ಪರ ಕಾರ್ಮಿಕ ಇಲಾಖೆಗೆ ದೂರು ಕೊಡುವ ನೈಟ್ಸ್ ಎಂಬ ಸಂಘಟನೆ ಇದೆ, ಬೆಂಗಳೂರಿನಲ್ಲಿ ಕಿಟು ಎಂಬ ಸಂಘವಿದೆ. ಅವರ ಬಾಗಿಲು ತಟ್ಟಲು ಸಂಕೋಚವೇಕೆ?

ಊರಿನ ದೊಡ್ಡವರು ‘ಕಾಯಕವೇ ಕೈಲಾಸ, ಸಹಿಸಿಕೋ’ ಎನ್ನುತ್ತಾರೆ. ಅದು ಶರಣರಿಗೆ ಮಾಡುವ ಅನ್ಯಾಯ. ಈ ಊರು ಸೊನ್ನಲಿಗೆಯಾಗಿದ್ದಾಗ ಸಿದ್ಧರಾಮ ಜನರನ್ನು ಕೂಡಿಸಿ ಕೆರೆ ಕಟ್ಟಿಸಿದ್ದು ನೀರಿಗಾಗಿ. ಆ ಕೆಲಸದ ಫಲ ಕಣ್ಣೆದುರಿಗಿತ್ತು. ಅಂಥವನನ್ನೂ ಅಲ್ಲಮಪ್ರಭು ಬಂದು, ನೀನು ಈ ಕೆರೆ, ಗುಡಿಗಳಲ್ಲೇ ಸಿಕ್ಕಿಬಿದ್ದೆಯಲ್ಲ ಎಂದು ಕೆಣಕಿದ ಎನ್ನುತ್ತದೆ ಶೂನ್ಯಸಂಪಾದನೆ. ಒಳ್ಳೆಯ ಕೆಲಸಕ್ಕೂ ಅಂಟಿಕೊಳ್ಳಬೇಡ ಎಂದ ಪರಂಪರೆ, ಯಾರಿಗೂ ಬೇಡದ ವರದಿ ತಯಾರಿಸುತ್ತ ಕೊಳೆ ಎಂದೀತೇ?

ಹಾಗೆಂದು ನಾಳೆಯೇ ಸಿಟ್ಟಿನಲ್ಲಿ ರಾಜೀನಾಮೆ ಕೊಡಬೇಡ. ಇನ್ನೊಂದು ಕೆಲಸ ಕೈಗೆ ಬರುವವರೆಗೆ ಅಲ್ಲೇ ಇರು. ಆದರೆ ಇರುವಷ್ಟು ದಿನ ಕಲಿಯುವುದಕ್ಕೆ ಇರು, ಉಳಿಸುವುದಕ್ಕೆ ಇರು. ಆರು ತಿಂಗಳ ಖರ್ಚು ಬ್ಯಾಂಕಿನಲ್ಲಿ ಕೂಡುವ ತನಕ ಹೊಸ ಸಾಲಕ್ಕೆ ಸಹಿ ಹಾಕಬೇಡ. ನೇಮಕಾತಿ ಪತ್ರ, ಪಗಾರ ಚೀಟಿ, ವರ್ಷದ ಮೌಲ್ಯಮಾಪನ ಇವುಗಳ ಪ್ರತಿ ಮನೆಯಲ್ಲಿರಲಿ. ಎಚ್‌ಆರ್ ಕೋಣೆಗೆ ಕರೆದು, ನೀನಾಗಿಯೇ ರಾಜೀನಾಮೆ ಬರೆದುಕೊಡು ಎಂದರೆ ಅಲ್ಲೇ ಸಹಿ ಮಾಡಬೇಡ. ಹೇಳುವುದನ್ನು ಮೇಲ್‌ನಲ್ಲಿ ಕಳಿಸಿ ಎನ್ನು, ವಕೀಲರಿಗೆ ತೋರಿಸು. ಐದು ವರ್ಷ ತುಂಬಿದ ಕಾಯಂ ನೌಕರನಿಗೆ ಪ್ರತಿ ವರ್ಷಕ್ಕೆ 15 ದಿನದ ಪಗಾರದ ಲೆಕ್ಕದಲ್ಲಿ ಗ್ರ್ಯಾಚುಯಿಟಿ ಬರಬೇಕು. ನಾಲ್ಕೂವರೆ ವರ್ಷಕ್ಕೆ ಬೇಸತ್ತು ಹೊರಬರುವ ಮುನ್ನ ಆ ಲೆಕ್ಕವನ್ನೂ ಹಾಕು.

ಇನ್ನೊಂದು ಮಾತು. ಕೆಲಸ ಹೋದದ್ದನ್ನು ಮನೆಯಲ್ಲಿ ಮುಚ್ಚಿಟ್ಟು, ದಿನಾ ಬ್ಯಾಗ್ ಹಾಕಿಕೊಂಡು ಹೊರಗೆ ಹೋಗಿ ಬರುವ ಹುಡುಗರಿದ್ದಾರೆ. ಅವರಲ್ಲಿ ನೀನಾಗಬೇಡ. ನಿನ್ನ ಅಪ್ಪ ಅವ್ವ ಗಿರಣಿ ಮುಚ್ಚಿದ ಸೀಮೆಯವರು, ಇಂಥ ಸುದ್ದಿ ಅವರಿಗೆ ಹೊಸದಲ್ಲ. ಈ ಭಾನುವಾರ ಅವರಿಗೆ ಫೋನ್ ಮಾಡಿ ಇದ್ದದ್ದನ್ನು ಇದ್ದ ಹಾಗೆ ಹೇಳು.

ಇತಿ,
ನಿನ್ನ ಊರಿನ ಹಿರಿಯ