ಹಳೆಯ ಉಂಗುರದ ಕೆಂಪು ಹರಳು: ಒಂದು ಪರಿಶೀಲನೆ

ಮಳಗಿಯಂತಹ ಕೃಷಿಪ್ರಧಾನ ಗ್ರಾಮಗಳಲ್ಲಿ ಬಂಗಾರದ ಒಡವೆಯು ಅಲಂಕಾರದ ವಸ್ತುವಾಗಿರುವಂತೆ ಆಪತ್ಕಾಲದ ಆಸ್ತಿಯೂ ಆಗಿರುತ್ತದೆ. ಬಿತ್ತನೆಯ ಖರ್ಚಿಗೋ ಮಕ್ಕಳ ವಿದ್ಯಾಭ್ಯಾಸಕ್ಕೋ ಅದು ಒತ್ತೆಗೆ ಹೋಗುತ್ತದೆ, ಕೆಲವೊಮ್ಮೆ ಕೈಬದಲಾಗುತ್ತದೆ. ಹೀಗೆ ಬಂದ ಹಳೆಯ ಉಂಗುರದಲ್ಲಿ ಕೆಂಪು ಹರಳೊಂದಿದ್ದರೆ, ಬಂಗಾರದ ಬೆಲೆಯನ್ನು ಪತ್ತಾರನ ಒರೆಗಲ್ಲು, ತಕ್ಕಡಿಗಳು ತಿಳಿಸುತ್ತವೆ. ಹರಳಿನ ಬೆಲೆಯನ್ನು ತಿಳಿಸಲಾರವು. ಹಾಲ್‌ಮಾರ್ಕ್ ಮುದ್ರೆಯೂ ಬಂಗಾರದ ಶುದ್ಧತೆಗೆ ಮಾತ್ರ ಸಾಕ್ಷಿ. ಗಾಜನ್ನು ಮಾಣಿಕ್ಯವೆಂದು ನಂಬಿ ಕೊಂಡವನೂ ಮಾಣಿಕ್ಯವನ್ನು ಗಾಜೆಂದು ಭಾವಿಸಿ ಮಾರಿದವನೂ ಸಮಾನವಾಗಿ ನಷ್ಟಕ್ಕೆ ಗುರಿಯಾಗುತ್ತಾರೆ.

ಈ ಭ್ರಮೆಗೆ ಭಾಷೆಯೂ ಒಂದು ಕಾರಣ. ಕನ್ನಡದಲ್ಲಿ ಮಾಣಿಕ್ಯಕ್ಕೆ 'ಕೆಂಪು' ಎಂದೇ ಹೆಸರು. ಬಣ್ಣವೇ ವಸ್ತುವಿನ ಹೆಸರಾಗಿದೆ. ಆದರೆ ಸ್ಪಿನೆಲ್, ಗಾರ್ನೆಟ್, ಗಾಜು ಇವೆಲ್ಲವೂ ಕೆಂಪಾಗಿರಬಲ್ಲವು. ಅರಸರೂ ಇಲ್ಲಿ ಮೋಸಹೋಗಿದ್ದಾರೆ. ಮೊಗಲ್ ದೊರೆಗಳ ಹೆಸರುಗಳನ್ನು ಕೆತ್ತಿರುವ, 352.5 ಕ್ಯಾರೆಟ್ ತೂಕದ 'ತೈಮೂರ್ ಮಾಣಿಕ್ಯ'ವು 1849ರಲ್ಲಿ ಲಾಹೋರಿನ ಖಜಾನೆಯಿಂದ ಬ್ರಿಟಿಷರ ವಶವಾಯಿತು. ಅದು ವಾಸ್ತವವಾಗಿ ಸ್ಪಿನೆಲ್. ಬ್ರಿಟಿಷ್ ಕಿರೀಟದ 'ಕಪ್ಪು ರಾಜಕುಮಾರನ ಮಾಣಿಕ್ಯ'ವೂ ಅದೇ ಜಾತಿಯದು. ಈ ಎರಡು ಖನಿಜಗಳು ಬೇರೆಬೇರೆಯೆಂಬುದನ್ನು ಫ್ರಾನ್ಸಿನ ರೋಮೆ ದ ಲೀಲ್ 1783ರಲ್ಲಿ ತೋರಿಸಿಕೊಟ್ಟನು.

ರತ್ನಪರೀಕ್ಷೆ ನಮ್ಮ ನಾಡಿಗೆ ಹೊಸದೇನಲ್ಲ. ಮುಂದೆ ಶರಣರ ಕಾರ್ಯಕ್ಷೇತ್ರವಾದ ಕಲ್ಯಾಣದಲ್ಲಿ ಆಳಿದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು ಹನ್ನೆರಡನೆಯ ಶತಮಾನದಲ್ಲಿ ರಚಿಸಿದ 'ಮಾನಸೋಲ್ಲಾಸ'ದಲ್ಲಿ ರತ್ನಗಳ ಗುಣದೋಷ ವಿವೇಚನೆಗೆ ಸ್ಥಾನವಿದೆ. ಜನರಲ್ಲಿ ಬೇರೆ ಪರೀಕ್ಷೆಗಳೂ ರೂಢಿಯಲ್ಲಿವೆ. ಮಾಣಿಕ್ಯವನ್ನು ಹಾಲಿನಲ್ಲಿಟ್ಟರೆ ಹಾಲು ಕೆಂಪಾಗಿ ತೋರುವುದೆಂಬ ನಂಬಿಕೆ ಅವುಗಳಲ್ಲೊಂದು. ಕೆಂಪು ಗಾಜನ್ನಿಟ್ಟರೂ ಅದೇ ಛಾಯೆ ಕಾಣಬಹುದು. ಗಾಜನ್ನು ಗೀರಿ ನೋಡುವುದೂ ಅಷ್ಟೇ ಅಪೂರ್ಣ. ಮಾಣಿಕ್ಯವು ಸಾಣೆ ಹಿಡಿಯಲು ಬಳಸುವ ಕುರುಂದದ ಪಾರದರ್ಶಕ ರೂಪ; ಅದರ ಕಾಠಿಣ್ಯ 9. ಆದರೆ 8ರ ಸ್ಪಿನೆಲ್ಲೂ ಸುಮಾರು 7ರ ಗಾರ್ನೆಟ್ಟೂ ಗಾಜನ್ನು ಗೀರುತ್ತವೆ. ಅಲ್ಲದೆ ಗೀರುವುದರಿಂದ ಹರಳಿನ ಅಂಚು ಮುರಿಯುವ ಭಯವುಂಟು.

ಆದ್ದರಿಂದ ಪರೀಕ್ಷೆಯು ಹಂತಹಂತವಾಗಿ ಸಾಗಬೇಕು. ಮೊದಲು ಉಂಗುರದ ಹಿಂಬದಿಯನ್ನು ನೋಡಬೇಕು. ಹಳೆಯ ಕಾಲದ ಮುಚ್ಚಿದ ಕಟ್ಟಿನಲ್ಲಿ ಹರಳಿನ ಕೆಳಗೆ ಹೊಳೆಯುವ ತೆಳು ತಗಡನ್ನಿಡುವ ಪದ್ಧತಿಯಿತ್ತು. ಕಣ್ಣಿಗೆ ಕಾಣುವ ಕಾಂತಿ ತಗಡಿನದೂ ಆಗಿರಬಹುದು.

ನುರಿತ ಪತ್ತಾರನಿಂದ ಹರಳನ್ನು ಬಿಡಿಸಿದ ಮೇಲೆ ತೂಕದ ಪರೀಕ್ಷೆ ಸಾಧ್ಯ. ಹರಳು ಗಾಳಿಯಲ್ಲಿ 1.20 ಗ್ರಾಂ, ನೀರಿನಲ್ಲಿ ತೂಗುಹಾಕಿದಾಗ 0.90 ಗ್ರಾಂ ತೂಗಿತೆಂದಿಟ್ಟುಕೊಳ್ಳೋಣ. ಕಡಮೆಯಾದ 0.30ರಿಂದ 1.20ನ್ನು ಭಾಗಿಸಿದರೆ ಸಾಪೇಕ್ಷ ಸಾಂದ್ರತೆ 4 ಬರುತ್ತದೆ. ಇದು ಮಾಣಿಕ್ಯದ್ದು, ಸ್ಪಿನೆಲ್ಲಿನದು 3.6. ಆದರೆ ಗಾರ್ನೆಟ್‌ನ ಒಂದು ಬಗೆಯ ಸಾಂದ್ರತೆಯೂ 4ರ ಆಸುಪಾಸಿನಲ್ಲಿದೆ. ಒಂದೇ ಪರೀಕ್ಷೆಯನ್ನು ನಂಬಬಾರದೆಂಬುದಕ್ಕೆ ಇದೇ ನಿದರ್ಶನ.

ಇಲ್ಲಿ ಬೆಳಕು ನೆರವಿಗೆ ಬರುತ್ತದೆ. ಬೆಳಕನ್ನು ತಡೆಯುವಂತೆ ಅಡ್ಡಡ್ಡವಾಗಿ ಹಿಡಿದ ಎರಡು ಪೋಲರಾಯ್ಡ್ ಹಾಳೆಗಳ ನಡುವೆ ಹರಳನ್ನು ತಿರುಗಿಸಿ, ಬೇರೆಬೇರೆ ಮುಖಗಳಿಂದ ನೋಡಬೇಕು. ಮಾಣಿಕ್ಯವು ಬೆಳಕನ್ನು ಎರಡಾಗಿ ಸೀಳುವುದರಿಂದ ಸರದಿಯಂತೆ ಬೆಳಗುತ್ತದೆ, ಕಪ್ಪಾಗುತ್ತದೆ. ಗಾರ್ನೆಟ್ ಮತ್ತು ಸ್ಪಿನೆಲ್‌ಗಳು ಸಾಮಾನ್ಯವಾಗಿ ಕಪ್ಪಾಗಿಯೇ ಉಳಿಯುತ್ತವೆ.

ಅತಿ ಕಠಿಣ ಪ್ರಶ್ನೆ ಕೊನೆಯದು. ಫ್ರಾನ್ಸಿನ ವೆರ್ನ್ಯೂಯಿ 1902ರಲ್ಲಿ ಪ್ರಕಟಿಸಿದ ವಿಧಾನದಿಂದ ಕೃತಕ ಮಾಣಿಕ್ಯ ವಿಪುಲವಾಗಿ ತಯಾರಾಗತೊಡಗಿತು. ಅದರ ಕಾಠಿಣ್ಯ, ಸಾಂದ್ರತೆ, ಬೆಳಕಿನ ಗುಣಗಳೆಲ್ಲ ನೈಸರ್ಗಿಕ ಮಾಣಿಕ್ಯದವೇ. ಸೂಕ್ಷ್ಮದರ್ಶಕದಲ್ಲಿ ಕಾಣುವ ಬಾಗಿದ ಗೆರೆಗಳೂ ಗುಂಡನೆಯ ಗಾಳಿಗುಳ್ಳೆಗಳೂ ಅದನ್ನು ಬಯಲುಮಾಡುತ್ತವೆ. ಅಜ್ಜಿಯ ಕಾಲದ ಉಂಗುರವೆಂಬ ಮಾತ್ರಕ್ಕೆ ಹರಳು ನೈಸರ್ಗಿಕವೆನ್ನಲಾಗದು. ಈ ಹಂತದಲ್ಲಿ ರತ್ನಪರೀಕ್ಷಾಲಯದ ಪ್ರಮಾಣಪತ್ರವೇ ಆಧಾರ.

ತಕ್ಕಡಿ, ನೀರು, ಪೋಲರಾಯ್ಡ್ ಹಾಳೆ ಇವು ಪ್ರೌಢಶಾಲೆಗಳಿಗೆ ನಿಲುಕದ ಸಾಧನಗಳಲ್ಲ. ಆರ್ಕಿಮಿಡೀಸನ ತತ್ತ್ವವನ್ನು ಬಾಯಿಪಾಠ ಮಾಡುವ ವಿದ್ಯಾರ್ಥಿಯು ಅದನ್ನು ಮನೆಯ ಹರಳಿಗೆ ಅನ್ವಯಿಸಿದರೆ ಪಾಠವು ಬದುಕಿಗೆ ಒದಗುತ್ತದೆ. ಪರೀಕ್ಷೆ ಮುಗಿಯುವವರೆಗೆ 'ಇದು ಕೆಂಪು ಬಣ್ಣದ ಹರಳು' ಎಂದಷ್ಟೇ ಹೇಳುವುದು ವಿಜ್ಞಾನದ ಶಿಸ್ತು; ಮಾರುವವನಿಗೂ ಕೊಳ್ಳುವವನಿಗೂ ಅದೇ ಸತ್ಯಶುದ್ಧ ಕಾಯಕ.