ಇಟ್ಟದ್ದು ಇಟ್ಟ ಹಾಗೆ ಬರುತ್ತದಾ, ನೋಡು

ಮಗಳೇ,

ನಿನ್ನ ವಿಡಿಯೊಗಳನ್ನು ಒಂದೂ ಬಿಡದೆ ನೋಡುತ್ತೇನೆ. ಹೊಸ ಮೊಬೈಲಿನ ಡಬ್ಬಿ ಬಿಚ್ಚುವುದರಿಂದ ಹಿಡಿದು ಕ್ಯಾಮೆರಾ, ಬ್ಯಾಟರಿ, ಬೆಲೆಯವರೆಗೂ ನರಸೀಪುರದ ಮಾತಿನಲ್ಲೇ ಹೇಳುತ್ತೀಯ. ಬೆಂಗಳೂರಿನವರ ಹಾಗೆ ಅರ್ಧ ಇಂಗ್ಲಿಷ್ ಬೆರೆಸುವುದಿಲ್ಲ. ಅದು ನನಗೆ ಹೆಮ್ಮೆ. ನಂಜನಗೂಡಿನ ದೊಡ್ಡ ಜಾತ್ರೆಗೆ ಬಂದಾಗ ನೀನು ಕೇಳಿದೆಯಲ್ಲ, "ದೊಡ್ಡಮ್ಮ, ನಾನು ಹೇಳೋದ್ರಲ್ಲಿ ಏನು ಕಮ್ಮಿ ಅನ್ಸುತ್ತೆ?" ಅಂತ. ಮನೆ ತುಂಬ ನೆಂಟರು, ಹೊರಗೆ ತೇರು ಎಳೆಯುವವರ ಕೂಗು, ಅವತ್ತು ಸರಿಯಾಗಿ ಉತ್ತರ ಕೊಡಲಾಗಲಿಲ್ಲ. ಈಗ ಕೂತು ಬರೆಯುತ್ತಿದ್ದೇನೆ.

ನೀನು ಎಲ್ಲವನ್ನೂ ಪರೀಕ್ಷೆ ಮಾಡುತ್ತೀಯ, ಒಂದನ್ನು ಬಿಟ್ಟು. ಆ ಮೊಬೈಲಿನೊಳಗೆ ನಾವು ಇಟ್ಟದ್ದು ಇಟ್ಟ ಹಾಗೆಯೇ ತಿರುಗಿ ಕೈಗೆ ಬರುತ್ತದಾ? ಈ ಪ್ರಶ್ನೆ ನಿನ್ನ ಬಾಯಲ್ಲಿ ನಾನು ಒಮ್ಮೆಯೂ ಕೇಳಿಲ್ಲ.

ಇದು ನನಗೆ ಯಾಕೆ ಇಷ್ಟು ದೊಡ್ಡದಾಗಿ ಕಾಣುತ್ತದೆ ಎಂದು ನಿನಗೆ ಗೊತ್ತಿಲ್ಲ, ಮನೆಯಲ್ಲಿ ಯಾರಿಗೂ ಪೂರ್ತಿ ಹೇಳಿಲ್ಲ. ನಂಜನಗೂಡಿನ ರಥಬೀದಿಗೆ ಹತ್ತಿರದ ಓಣಿಯಲ್ಲಿ ನಾನು ಮೊದಲು ಟೈಪಿಂಗ್ ಶಾಲೆ, ಆಮೇಲೆ ಡಿಟಿಪಿ ಅಂಗಡಿ ನಡೆಸಿದವಳು. ಅನಂತಸುಬ್ಬರಾಯರು ಕನ್ನಡ ಟೈಪ್‌ರೈಟರಿಗೆ ಜೋಡಿಸಿಕೊಟ್ಟ ಕೀಲಿಮಣೆಯ ಮೇಲೆ ಬೆರಳು ಪಳಗಿಸಿ, ಜೂನಿಯರ್, ಸೀನಿಯರ್ ಪರೀಕ್ಷೆ ಪಾಸು ಮಾಡಿ ಕೆಲಸಕ್ಕೆ ಸೇರಿದ ಹೆಣ್ಣುಮಕ್ಕಳು ಈ ಸುತ್ತಿನ ಕಚೇರಿಗಳಲ್ಲಿ ಈಗಲೂ ಇದ್ದಾರೆ. ಕಂಪ್ಯೂಟರ್ ಬಂದಾಗ ಊರಿನಲ್ಲಿ ಮೊದಮೊದಲು ತಂದವರಲ್ಲಿ ನಾನೂ ಒಬ್ಬಳು. ಅದರಲ್ಲಿ ನಾನು ಆಸೆಪಟ್ಟು ಕೂಡಿಸಿದ ಮೊದಲ ದೊಡ್ಡ ಕೆಲಸ ನಮ್ಮ ಅಜ್ಜಿಯ ಪದಗಳು. ಸೋಬಾನೆ, ರಾಗಿ ಬೀಸುವ ಪದ, ಚಾಮುಂಡಿ ನಂಜುಂಡರ ಪದ ಎಲ್ಲ ಸೇರಿ ನಲವತ್ಮೂರು. ಅಜ್ಜಿ ಹೇಳಿದ್ದನ್ನು ಅಪ್ಪ ಒಂದು ಉದ್ದನೆಯ ಲೆಕ್ಕದ ಪುಸ್ತಕದಲ್ಲಿ ಬರೆದಿಟ್ಟಿದ್ದರು. ರಾತ್ರಿ ಅಂಗಡಿ ಮುಚ್ಚಿದ ಮೇಲೆ ಕೂತು 1999ರಲ್ಲಿ ಅಷ್ಟನ್ನೂ ಟೈಪ್ ಮಾಡಿದೆ. ಫ್ಲಾಪಿಯಲ್ಲಿಟ್ಟೆ, ಕೆಲವು ವರ್ಷವಾದ ಮೇಲೆ ಸಿ.ಡಿ.ಗೆ ಹಾಕಿದೆ.

2019ರ ಆಗಸ್ಟಿನಲ್ಲಿ ಕಪಿಲೆ ಉಕ್ಕಿದಾಗ ಹದಿನಾರು ಕಾಲಿನ ಮಂಟಪವೇ ಮುಳುಗಿತ್ತು. ನಮ್ಮ ಮನೆಗೂ ನೀರು ನುಗ್ಗಿತು. ಟ್ರಂಕು ತೆಗೆದು ನೋಡಿದರೆ ಅಪ್ಪನ ಪುಸ್ತಕ ಹಿಟ್ಟಿನ ಮುದ್ದೆಯಾಗಿತ್ತು, ಶಾಯಿ ಎಲ್ಲ ನೀಲಿ ನೀರು. ನಿನ್ನಮ್ಮ ಅತ್ತಳು. ನಾನು ಅಳಲಿಲ್ಲ. "ಕಂಪ್ಯೂಟರಲ್ಲಿದೆ ಬಿಡೆ" ಎಂದು ಸಮಾಧಾನ ಹೇಳಿದೆ. ವಾರ ಕಳೆದು ಸಿ.ಡಿ. ಹಾಕಿ ಕಡತ ತೆರೆದೆ. ಕನ್ನಡದ ಒಂದಕ್ಷರವಿಲ್ಲ. ತೆರೆಯ ತುಂಬ ಇಂಗ್ಲಿಷ್ ಅಕ್ಷರಗಳು, ಒಂದರ ತಲೆಯ ಮೇಲೆ ಓರೆ ಗೀರು, ಇನ್ನೊಂದರ ಮೇಲೆ ಎರಡು ಚುಕ್ಕೆ, ನಡುನಡುವೆ ಪೌಂಡಿನ ಗುರುತು, ಅರ್ಧ ಎಂಬ ಭಿನ್ನರಾಶಿ.

ಇದು ಹೇಗಾಗುತ್ತದೆ ಎಂಬುದನ್ನು ನೀನು ತಿಳಿದಿರಬೇಕು, ನಿನ್ನನ್ನು ನೋಡುವವರಿಗೂ ಹೇಳಬೇಕು. ಆಗಿನ ಕಂಪ್ಯೂಟರಿನಲ್ಲಿ ಅಕ್ಷರಗಳಿಗೆ ಇದ್ದದ್ದು 256 ಮನೆ, ಎಲ್ಲವೂ ಇಂಗ್ಲಿಷಿನ ಹೆಸರಿಗೆ. ನಮ್ಮ ಕನ್ನಡದವರು ಉಪಾಯ ಮಾಡಿ ಆ ಮನೆಗಳಲ್ಲಿ ತಲಕಟ್ಟು, ಕೊಂಬು, ಒತ್ತು, ದೀರ್ಘಗಳನ್ನು ಕೂರಿಸಿದರು. ಕಂಪ್ಯೂಟರಿಗೆ ಅದು ಕನ್ನಡವೆಂದು ಗೊತ್ತೇ ಇರಲಿಲ್ಲ. ಇಂಗ್ಲಿಷ್ ಅಕ್ಷರಕ್ಕೆ ಫಾಂಟು ಎಂಬ ಕನ್ನಡದ ವೇಷ ತೊಡಿಸಿದ್ದೆವು ಅಷ್ಟೆ. ಫಾಂಟು ಕಳೆದರೆ ವೇಷ ಕಳಚಿತು. ಒಂದೊಂದು ತಂತ್ರಾಂಶದವರೂ ತಮ್ಮದೇ ಲೆಕ್ಕದಲ್ಲಿ ಅಕ್ಷರ ಕೂರಿಸಿದ್ದರಿಂದ ಒಂದರಲ್ಲಿ ಬರೆದದ್ದನ್ನು ಇನ್ನೊಂದು ಓದುತ್ತಿರಲಿಲ್ಲ.

ಹಾಗೆಂದು ಅವರ ಬಗ್ಗೆ ಹಗುರವಾಗಿ ಮಾತಾಡಬೇಡ. ಕೆ.ಪಿ. ರಾಯರು ಉಚ್ಚಾರಣೆಯ ಪ್ರಕಾರ ಕೀಲಿ ಒತ್ತುವ ವಿನ್ಯಾಸ ಮಾಡಿಕೊಡದಿದ್ದರೆ, 1998ರಲ್ಲಿ ಶೇಷಾದ್ರಿವಾಸು ಅವರ 'ಬರಹ' ಬರದಿದ್ದರೆ, ಕನ್ನಡ ಗಣಕ ಪರಿಷತ್ತಿನ 'ನುಡಿ' ಸರ್ಕಾರಿ ಕಚೇರಿಗಳಿಗೆ ಹೋಗದಿದ್ದರೆ ನಾವೆಲ್ಲ ಇನ್ನೂ ಇಂಗ್ಲಿಷಿನಲ್ಲೇ ಅರ್ಜಿ ಬರೆಯುತ್ತಿದ್ದೆವು. ಕಂಪ್ಯೂಟರಿನ ಕನ್ನಡಕ್ಕೆ ಗಟ್ಟಿ ನೆಲೆ ಬೇಕೆಂದು ಪೂರ್ಣಚಂದ್ರ ತೇಜಸ್ವಿಯವರು ಎಷ್ಟು ಹಟ ಹಿಡಿದಿದ್ದರು! ಜಗತ್ತಿನ ಎಲ್ಲ ಲಿಪಿಗಳ ಒಂದೊಂದು ಅಕ್ಷರಕ್ಕೂ ಅದರದೇ ಸಂಖ್ಯೆ ಕೊಡುವ ಯೂನಿಕೋಡ್ 1991ರಲ್ಲಿ ಬಂದಾಗಲೇ ಅದರಲ್ಲಿ ಕನ್ನಡವಿತ್ತು. ಅದು ನಮ್ಮಂಥ ಅಂಗಡಿಗಳ ಮೇಜಿಗೆ ಬರಲು ಇನ್ನೂ ಎಷ್ಟೋ ವರ್ಷ ಬೇಕಾಯಿತು. ಬ್ಯಾನರ್ ಮಾಡುವ ಕಡೆ ಹಳೆಯ ತಂತ್ರಾಂಶಗಳಲ್ಲಿ ಯೂನಿಕೋಡ್ ಹಾಕಿದರೆ ಒತ್ತಕ್ಷರ ಕಿತ್ತು ಪಕ್ಕಕ್ಕೆ ಬೀಳುತ್ತದೆಂದು ಈಗಲೂ ಹಳೆಯ ಫಾಂಟಿನಲ್ಲೇ ಕೆಲಸ ನಡೆಯುತ್ತದೆ. ಅಲ್ಲಿ ಕೂಡಿಸಿದ್ದೆಲ್ಲ ಮುಂದೊಂದು ದಿನ ನನ್ನ ಸಿ.ಡಿ.ಯ ಹಾಗೆ ಆದೀತೆಂದು ನನಗೆ ಸಂಕಟ.

ನುಡಿ, ಬರಹದ ಕಡತಗಳನ್ನು ಯೂನಿಕೋಡಿಗೆ ಬದಲಾಯಿಸುವ ಸಾಧನಗಳಿವೆ. ನಾನು ಬಳಸಿದ್ದು ಎಂದೋ ಮರೆಯಾದ ಬೇರೊಂದು ತಂತ್ರಾಂಶ. ಅದಕ್ಕೆ ಯಾವ ಸಾಧನವೂ ಸಿಗಲಿಲ್ಲ. ಕೊನೆಗೆ ಒಂದು ನೋಟ್‌ಬುಕ್ ಇಟ್ಟುಕೊಂಡು ಕೂತೆ. ಎಲ್ಲಕ್ಕಿಂತ ಹೆಚ್ಚು ಬಾರಿ ಬರುವ ಗುರುತು ಯಾವುದು? ಅದು ತಲಕಟ್ಟು ಇರಬೇಕು. ಕೆಲವು ಪದಗಳಲ್ಲಿ ಪ್ರತಿ ಸಾಲಿನ ಕೊನೆಗೂ ಒಂದೇ ಗುರುತುಗಳ ಗುಂಪು, ಅದು 'ಸೋಬಾನೆ'. ಅಷ್ಟರಿಂದ ಸಕಾರ, ಬಕಾರ, ನಕಾರ ಸಿಕ್ಕವು. ನಕಾರ ಸಿಕ್ಕ ಮೇಲೆ 'ನಂಜುಂಡ' ಸಿಕ್ಕ, ಎರಡು ಕಡೆ ಸೊನ್ನೆ ಇರುವ ಹೆಸರು ಅದೊಂದೇ ತಾನೆ. ನಂಜುಂಡನಿಂದ ಜಕಾರ, ಡಕಾರ, ಕೊಂಬು. ಹೀಗೆ ಮೂರು ತಿಂಗಳು. ಸಿ.ಡಿ.ಯಲ್ಲಿ ಗೀರು ಬಿದ್ದ ಕಡೆ ಏನೂ ಇರಲಿಲ್ಲ. ನಲವತ್ಮೂರರಲ್ಲಿ ಇಪ್ಪತ್ತಾರು ಪದ ಬಂದವು, ಹದಿನೇಳು ಹೋದವು.

ಆ ಹದಿನೇಳರ ಸಲುವಾಗಿಯೇ ನಿನಗೆ ಇಷ್ಟು ಹೇಳುತ್ತಿರುವುದು.

ನಿನ್ನ ಕಾಲದಲ್ಲಿ ಇದು ಮುಗಿದಿಲ್ಲ, ರೂಪ ಬದಲಾಗಿದೆ. 2020ರ ಜೂನ್ 29ರಂದು ಸರ್ಕಾರ 59 ಆ್ಯಪ್‌ಗಳನ್ನು ತಡೆದಾಗ ಟಿಕ್‌ಟಾಕ್ ಹೋಯಿತು. ಅದು ಸರಿಯೋ ತಪ್ಪೋ ಬೇರೆ ಮಾತು. ನಮ್ಮ ಬೀದಿಯ ಹುಡುಗನೊಬ್ಬ ಎರಡು ವರ್ಷ ತಮಟೆ ಬಾರಿಸಿ ಹಾಕಿದ್ದ ವಿಡಿಯೊಗಳಲ್ಲಿ ಒಂದೂ ಅವನ ಫೋನಿನಲ್ಲಿ ಬೇರೆ ಇರಲಿಲ್ಲ. ಮೊದಲು ಕನ್ನಡದಲ್ಲೇ ಶುರುವಾದ ಬೆಂಗಳೂರಿನ 'ಕೂ', ಆ ಹಳದಿ ಹಕ್ಕಿ, 2024ರ ಜುಲೈನಲ್ಲಿ ಬಾಗಿಲು ಹಾಕಿತು. ಎಷ್ಟು ಜನ ಎಷ್ಟು ಚೆನ್ನಾದ ಕನ್ನಡ ಬರೆದಿದ್ದರು ಅಲ್ಲಿ. ಆರ್ಕುಟ್ 2014ರಲ್ಲಿ ಮುಚ್ಚುವಾಗ ಮೂರು ತಿಂಗಳು ಮೊದಲೇ ಹೇಳಿ, ನಿಮ್ಮ ಫೋಟೊಗಳನ್ನು ತೆಗೆದುಕೊಳ್ಳಿ ಎಂದು ಎರಡು ವರ್ಷ ಅವಕಾಶ ಕೊಟ್ಟಿತ್ತು. ಮುಚ್ಚುವುದೇ ತಪ್ಪು ಎನ್ನಲಾರೆ, ಆದರೆ ಹೀಗೆ ಮುಚ್ಚಬೇಕು. ನಮ್ಮಜ್ಜಿಯ ಕಾಲದಲ್ಲಿ ರಾಗಿಯನ್ನು ನೆಲದಡಿಯ ಹಗೇವಿಗೆ ಹಾಕುತ್ತಿದ್ದರು. ತೆಗೆಯುವ ದಾರಿ ಯೋಚಿಸದೆ ತುಂಬಿದವರಿಲ್ಲ. ತೆಗೆಯುವ ದಿನ ಬಾಯಿ ತೆರೆದು, ಕೆಟ್ಟ ಗಾಳಿ ಹೋಗಲು ಬಿಟ್ಟು, ದೀಪ ಇಳಿಸಿ, ಅದು ಆರದಿದ್ದರೆ ಮಾತ್ರ ಮನುಷ್ಯ ಇಳಿಯುತ್ತಿದ್ದ. ಒಂದು ಆ್ಯಪ್ ಚೆನ್ನಾಗಿದೆ ಎಂದು ಹೇಳುವ ಮುಂಚೆ ನೀನೂ ಹಾಗೆ ಮಾಡು. ಒಂದು ತಿಂಗಳು ಅದರಲ್ಲಿ ಬರೆದು, ಫೋಟೊ ಹಾಕಿ, ಆಮೇಲೆ ಅಷ್ಟನ್ನೂ ಹೊರಗೆ ತೆಗೆದು ನೋಡು. ತೆಗೆದ ಕಡತ ಬೇರೆ ಕಂಪ್ಯೂಟರಿನಲ್ಲಿ ತೆರೆಯುತ್ತದಾ, ಒತ್ತಕ್ಷರ ಉಳಿದಿದೆಯಾ, ತಾರೀಕು ಉಳಿದಿದೆಯಾ. ಇಷ್ಟನ್ನು ಕ್ಯಾಮೆರಾದ ಮುಂದೆಯೇ ಮಾಡಿ ತೋರಿಸು. ಕನ್ನಡದಲ್ಲಿ ಯಾರಾದರೂ ಹೀಗೆ ಮಾಡಿದ್ದನ್ನು ನಾನಂತೂ ನೋಡಿಲ್ಲ.

ಇಟ್ಟದ್ದೊಂದು, ಬಂದದ್ದೊಂದು ಆಗುವುದೂ ಉಂಟು. 2025ರ ಜುಲೈ 14ರಂದು ಬಿ. ಸರೋಜಾದೇವಿ ತೀರಿಕೊಂಡರು. ಮುಖ್ಯಮಂತ್ರಿ ಸಿದ್ದರಾಮಯ್ಯನವರು ಅಂತಿಮ ದರ್ಶನ ಪಡೆದರೆಂದು ಕನ್ನಡದಲ್ಲಿ ಹಾಕಿದ್ದನ್ನು ಮೆಟಾ ಕಂಪನಿಯ ಯಂತ್ರ ತಾನೇ ಇಂಗ್ಲಿಷಿಗೆ ತಿರುಗಿಸಿ, ತೀರಿಕೊಂಡವರು ಮುಖ್ಯಮಂತ್ರಿಗಳೇ ಎನ್ನುವ ಹಾಗೆ ಮಾಡಿಬಿಟ್ಟಿತು. ಅವರು ನಮ್ಮ ನಿಮ್ಮ ಊರುಗಳ ನಡುವಿನ ವರುಣಾ ಸೀಮೆಯವರು, ಸಿದ್ದರಾಮನಹುಂಡಿಯವರು. ಓದಿದವರಿಗೆ ಎದೆ ಧಸಕ್ಕೆಂದಿರಬೇಕು. ಅವರು ಆಗ ಮುಖ್ಯಮಂತ್ರಿ, ಕಾಗದ ಬರೆಸಿದರು, ಕಂಪನಿ ಕ್ಷಮೆ ಕೇಳಿ ಸರಿಮಾಡಿತು. ನಿನ್ನಮ್ಮನ ಮಾತನ್ನು ಯಂತ್ರ ಹೀಗೆ ತಿರುಚಿದರೆ ಯಾರಿಗೆ ಬರೆಯುತ್ತಾಳೆ? ಆದ್ದರಿಂದ ಅನುವಾದ ಮಾಡುತ್ತದೆ, ಮಾತಾಡಿದ್ದನ್ನು ಬರೆದುಕೊಳ್ಳುತ್ತದೆ ಎಂದು ಹೊಗಳುವ ಯಾವ ಫೋನನ್ನೂ ಪೇಟೆಯ ಕನ್ನಡದಲ್ಲಿ ಮಾತ್ರ ಪರೀಕ್ಷಿಸಿ ಬಿಡಬೇಡ. ಬನ್ನೂರು ಸಂತೆಯಲ್ಲಿ ಕುರಿಯ ವ್ಯಾಪಾರ ಮಾಡುವವರ ಮಾತು ಕೇಳಿಸು. ತಪ್ಪು ಬಂದರೆ ತೋರಿಸು, ಕಂಪನಿಗೆ ಬರೆ. ನಾವು ತಪ್ಪೆಂದು ಹೇಳದಿದ್ದರೆ ಯಂತ್ರ ಅದನ್ನೇ ಕನ್ನಡವೆಂದು ಇಟ್ಟುಕೊಳ್ಳುತ್ತದೆ.

ನಿನ್ನಮ್ಮನ ಫೋನನ್ನೂ ಒಮ್ಮೆ ಸರಿಯಾಗಿ ನೋಡು. ಮೈಸೂರು ರೇಷ್ಮೆ ಸೀರೆಯ ನೂಲು ನಿಮ್ಮೂರಿನಲ್ಲಿ ತೆಗೆಯುತ್ತಾರೆಂದು ನೀನು ಹೆಮ್ಮೆಯಿಂದ ಹೇಳುತ್ತೀಯಲ್ಲ, ಆ ಕೆಲಸ ಮಾಡಿದ ಕೈ ಅವಳದು. ಬಿಸಿನೀರಿನಲ್ಲಿ ಗೂಡಿನ ಎಳೆ ಹುಡುಕಿ ಹುಡುಕಿ ಬೆರಳ ತುದಿಯ ಗೆರೆಗಳೇ ಸವೆದಿವೆ. ಜಾತ್ರೆಯ ದಿನ ಅವಳು ಫೋನಿನ ಮೇಲೆ ಹೆಬ್ಬೆರಳಿಟ್ಟಳು, ತೆರೆಯಲಿಲ್ಲ. ಸೆರಗಿಗೆ ಒರೆಸಿ ಇಟ್ಟಳು. ತೋರುಬೆರಳಿಟ್ಟಳು. ನಾಲ್ಕನೆಯ ಸಲಕ್ಕೆ ಸುಮ್ಮನೆ ಸೊಂಟಕ್ಕೆ ಸಿಕ್ಕಿಸಿಕೊಂಡಳು. ಗೃಹಲಕ್ಷ್ಮಿಯ ಎರಡು ಸಾವಿರ ಬಂತೇ ಎಂದು ತಿಳಿಯಲು ಬ್ಯಾಂಕಿನ ಸಂದೇಶ ಯಾರಾದರೂ ಓದಿ ಹೇಳಬೇಕು, ಅದು ಇಂಗ್ಲಿಷಿನಲ್ಲಿದೆ. ಅದೇ ಫೋನಿಗೆ ನೀನು ಬೆರಳಚ್ಚು ಬಹಳ ಚುರುಕು ಎಂದು ಹತ್ತಕ್ಕೆ ಒಂಬತ್ತು ಕೊಟ್ಟಿದ್ದೆ. ನಿನ್ನ ಬೆರಳಿಗೆ ಚುರುಕೇ ಇರಬಹುದು. ಅಂಕ ಕೊಡುವ ಮುಂಚೆ ಒಂದು ದಿನ ಅವಳ ಕೈಗೆ ಕೊಡು. ಗದ್ದೆಯ ಬದುವಿನ ಮೇಲೆ ಮಧ್ಯಾಹ್ನದ ಬಿಸಿಲಿನಲ್ಲಿ ತೆರೆ ಕಾಣುತ್ತದಾ ಎಂದು ಅವಳನ್ನೇ ಕೇಳು.

ಫೋನು ಕಂಪನಿಯವರು ಪುಕ್ಕಟೆ ಕಳಿಸಿದ್ದರೆ ಮೊದಲ ಮಾತಿನಲ್ಲೇ ಹೇಳು. ಜಾಹೀರಾತನ್ನು ಜಾಹೀರಾತೆಂದು ಹೇಳಬೇಕೆಂಬ ನಿಯಮ ಜಾಹೀರಾತಿನ ಮಂಡಳಿಯಿಂದ 2021ರಲ್ಲೇ ಬಂದಿದೆ. ನಿಯಮವಿಲ್ಲದಿದ್ದರೂ ಹೇಳಬೇಕು. ಸಾಲ ಮಾಡಿ ಫೋನು ಕೊಳ್ಳುವ ಹುಡುಗ ನಿನ್ನ ಮಾತು ನಂಬಿ ಕೊಳ್ಳುತ್ತಾನೆ.

ಇನ್ನೊಂದು ಕೆಲಸ ಮಾಡು. ಸೋಮನಾಥಪುರ ನಿಮ್ಮ ತಾಲ್ಲೂಕೇ, ಶಾಲೆಯಿಂದ ಅಲ್ಲಿನ ದೇವಸ್ಥಾನಕ್ಕೆ ಕರೆದುಕೊಂಡು ಹೋಗಿದ್ದಾಗ ನೀನು ನೋಡಿರುವುದು ಮೇಲಿನ ವಿಗ್ರಹಗಳನ್ನು. ಈ ಸಲ ಹೋಗಿ ವಿಗ್ರಹಗಳ ಪೀಠದ ಮೇಲೆ ನೋಡು. ಮಲ್ಲಿತಮ್ಮ ಎಂದು ಕೆತ್ತಿದೆ, ಕನ್ನಡದಲ್ಲಿ. ಹದಿಮೂರನೆಯ ಶತಮಾನದ ಶಿಲ್ಪಿ ತಾನು ಮಾಡಿದ್ದಕ್ಕೆ ತನ್ನ ಹೆಸರು ಹಾಕಿದ್ದಾನೆ. ಬಾಗಿಲ ಮಂಟಪದಲ್ಲಿ ಆಳೆತ್ತರದ ಶಾಸನವೂ ಇದೆ. ಬಿ.ಎಲ್. ರೈಸ್ 1894ರಲ್ಲಿ ನಿಮ್ಮ ತಾಲ್ಲೂಕು, ನಮ್ಮ ತಾಲ್ಲೂಕುಗಳ ಶಾಸನಗಳನ್ನು ಊರೂರು ಹುಡುಕಿಸಿ, ಒಂದೊಂದಕ್ಕೂ ಸಂಖ್ಯೆ ಹಾಕಿ, 'ಎಪಿಗ್ರಾಫಿಯಾ ಕರ್ನಾಟಿಕಾ'ದ ಮೂರನೆಯ ಸಂಪುಟದಲ್ಲಿ ಅಚ್ಚು ಹಾಕಿಸಿದರು. ಕಲ್ಲು ಒಡೆದರೂ ಪಾಠ ಪುಸ್ತಕದಲ್ಲಿದೆ, ಪುಸ್ತಕ ಹರಿದರೂ ಕಲ್ಲಿದೆ. ನಾನು 1999ರಲ್ಲಿ ಹಾಗೆ ಒಂದು ಪ್ರತಿ ಕಾಗದದ ಮೇಲೆ ಮುದ್ರಿಸಿ ಬೇರೆ ಮನೆಯಲ್ಲಿ ಇಟ್ಟಿದ್ದರೆ ಸಾಕಿತ್ತು. ನಿನ್ನ ವಿಡಿಯೊಗಳ ಮಾತನ್ನು ಯೂನಿಕೋಡಿನಲ್ಲಿ ಬರೆದು ಇಟ್ಟುಕೊಳ್ಳುತ್ತಿದ್ದೀಯಾ? ಇಲ್ಲದಿದ್ದರೆ ಇವತ್ತೇ ಶುರು ಮಾಡು. ಒಂದು ಪ್ರತಿ ನನ್ನ ಹತ್ತಿರ ಇರಲಿ, ಒಂದು ನಿನ್ನಮ್ಮನ ಹತ್ತಿರ.

ಮುಂದಿನ ಭಾನುವಾರ ನಾನು ನರಸೀಪುರಕ್ಕೆ ಬರುತ್ತೇನೆ. ಹೋದ ಹದಿನೇಳು ಪದಗಳಲ್ಲಿ ಮೂರು ನಿನ್ನಮ್ಮನ ನಾಲಿಗೆಯ ಮೇಲಿವೆ, ಹಾಲು ಕರೆಯುವಾಗ ಗುನುಗುತ್ತಾಳೆ, ಕೇಳಿಸಿಕೊಂಡಿದ್ದೇನೆ. ಕೂರಿಸಿ ಕೇಳಿದರೆ ನಾಚಿಕೊಳ್ಳುತ್ತಾಳೆ. ಸಂಜೆ ಕೊಟ್ಟಿಗೆಯಲ್ಲೇ ನೀನು ಫೋನಿನಲ್ಲಿ ಹಿಡಿದುಕೊ, ನಾನು ಕೈಯಲ್ಲಿ ಬರೆದುಕೊಳ್ಳುತ್ತೇನೆ. ಗೆರೆ ಇಲ್ಲದ ದಪ್ಪನೆಯ ನೋಟ್‌ಬುಕ್ ಒಂದು ತಂದಿಟ್ಟಿರು.